ಕ್ಷಮಿಸುವುದೆಂದರೆ ನುಂಗಿಕೊಳ್ಳುವುದೇ?

ಮಧ್ಯಾಹ್ನದ ಊಟ ಮುಗಿದು, ಅಡಿಗೆಮನೆ ಒರೆಸಿ, ಸಂಜೆಯ ಕಾಫಿಗೆ ಇನ್ನೂ ಒಂದು ಗಂಟೆಯಿದೆ ಎನ್ನುವ ಹೊತ್ತು ಇದೆಯಲ್ಲ, ಅದೊಂದೇ ನಮ್ಮ ಸ್ವಂತದ ಹೊತ್ತು. ನಿಮ್ಮಲ್ಲಿ ಅನೇಕರು ಆಗ ಒಂದು ಕಾದಂಬರಿ ಹಿಡಿದು ಗೋಡೆಗೆ ಒರಗುತ್ತೀರಿ ಎಂಬುದು ನನಗೆ ಗೊತ್ತು. ನಾನೂ ಹಾಗೆಯೇ. ಅಂಥ ಒಂದು ಮಧ್ಯಾಹ್ನ, ನಮ್ಮ ಬೀದಿಯ ಕೊನೆಯ ಮನೆಯಾಕೆ ನನ್ನಿಂದ ಒಯ್ದಿದ್ದ ಇಂಗ್ಲಿಷ್ ಕಾದಂಬರಿಯನ್ನು ಹಿಂದಿರುಗಿಸಲು ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, ಕೂರದೆ, ಬಾಗಿಲ ಬಳಿಯೇ ನಿಂತು ಕೇಳಿದಳು:

“ಅಕ್ಕಾ, ಕಥೆ ಚೆನ್ನಾಗೇ ಇದೆ. ಆದ್ರೆ ಕ್ಷಮಿಸು, ಕ್ಷಮಿಸು ಅಂತ ಎಲ್ರೂ ನಮಗೇ ಯಾಕೆ ಹೇಳ್ತಾರೆ? ಕ್ಷಮಿಸೋದು ಅಂದ್ರೆ ನುಂಗ್ಕೊಂಡು ಕೂರೋದೇನಾ?”

ಅವಳ ಮನೆಯ ಸಂಗತಿ ನನಗೆ ಅಷ್ಟಿಷ್ಟು ಗೊತ್ತು. ಹೆಚ್ಚು ಬರೆಯುವುದು ಸರಿಯಲ್ಲ. ಹಿಂದೆ ಆಗಬಾರದ್ದೊಂದು ಆಗಿದೆ. ಹಿರಿಯರೆಲ್ಲ ಕೂತು “ಆದದ್ದು ಆಗಿಹೋಯ್ತು, ಮರೆತುಬಿಡಮ್ಮ” ಎಂದು ಮುಗಿಸಿದ್ದಾರೆ. ಅವಳ ಪಾಲಿಗೆ ಮಾತ್ರ ಅದು ಮುಗಿದಿಲ್ಲ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೋದ ಮೇಲೆ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ.

ಆ ಪುಸ್ತಕದ ಹೆಸರು ‘ರಿಡೀಮಿಂಗ್ ಲವ್’. ಬರೆದವರು ಅಮೆರಿಕದ ಫ್ರಾನ್ಸೀನ್ ರಿವರ್ಸ್. ಅಲ್ಲಿ ‘ಕ್ರೈಸ್ತ ಪ್ರೇಮ ಕಾದಂಬರಿ’ ಎನ್ನುವುದೇ ಒಂದು ಪ್ರತ್ಯೇಕ ಬಗೆ. ಗಂಡು ಹೆಣ್ಣಿನ ಪ್ರೀತಿ ಇರಬೇಕು, ಆದರೆ ಮಲಗುವ ಕೋಣೆಯ ಬಾಗಿಲು ಮುಚ್ಚಿರಬೇಕು. ಇಬ್ಬರ ನಡುವೆ ಮೂರನೆಯವನಾಗಿ ದೇವರು ಇರಬೇಕು. ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರಿಗೆ ಹಳೆಯ ಗಾಯವೊಂದು ಇದ್ದೇ ಇರುತ್ತದೆ. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು 1947ರಲ್ಲಿ ತೀರಿಕೊಂಡ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ ಅವರ ಕಾಲದಿಂದಲೂ ಇದು ನಡೆದುಬಂದಿದೆ. ನಮ್ಮ ಕಾಲೇಜು ಹುಡುಗಿಯರು ನೋಟ್‌ಬುಕ್ಕಿನೊಳಗೆ ಬಚ್ಚಿಟ್ಟು ಓದುತ್ತಿದ್ದ ‘ಮಿಲ್ಸ್ ಅಂಡ್ ಬೂನ್’ ನೆನಪಿದೆಯಲ್ಲ? 1971ರಲ್ಲಿ ಅದನ್ನು ಕೊಂಡ ಕೆನಡಾದ ಹಾರ್ಲೆಕ್ವಿನ್ ಸಂಸ್ಥೆಯೇ 1997ರಲ್ಲಿ ‘ಲವ್ ಇನ್‌ಸ್ಪೈರ್ಡ್’ ಎಂಬ ಹೆಸರಿನಲ್ಲಿ ಇಂಥ ಭಕ್ತಿ ಬೆರೆತ ಪ್ರೇಮಕಥೆಗಳ ಮಾಲೆಯನ್ನೂ ಶುರುಮಾಡಿತು.

ರಿವರ್ಸ್ ಕೂಡ ಮೊದಲು ಬರೆಯುತ್ತಿದ್ದದ್ದು ಸಾಧಾರಣ ಪ್ರೇಮಕಥೆಗಳನ್ನೇ. ಅವು ಚೆನ್ನಾಗಿ ಮಾರಾಟವಾಗುತ್ತಲೂ ಇದ್ದವು. 1986ರಲ್ಲಿ ಆಕೆ ಧರ್ಮದ ಕಡೆ ತಿರುಗಿದರು. ಆಮೇಲೆ ಸುಮಾರು ಮೂರು ವರ್ಷ ಬರೆಯಲು ಕೂತರೆ ಏನೂ ಬರಲಿಲ್ಲವಂತೆ. ಬರೆಯುವುದನ್ನು ಬಿಟ್ಟು ಬೈಬಲ್ ಓದುತ್ತಾ ಕುಳಿತಾಗ ಸಿಕ್ಕಿದ್ದು ಹಳೆಯ ಒಡಂಬಡಿಕೆಯ ಹೋಶೇಯನ ಕಥೆ.

ಈ ಹೋಶೇಯ ಕ್ರಿಸ್ತಪೂರ್ವ 8ನೆಯ ಶತಮಾನದ ಪ್ರವಾದಿ. ಅವನ ಹೆಂಡತಿ ಗೋಮೆರಳು ಅವನನ್ನು ಬಿಟ್ಟು ಬೇರೆಯವರ ಹಿಂದೆ ಹೋಗುತ್ತಾಳೆ. ದೇವರು ಅವನಿಗೆ, ಅವಳನ್ನು ಮತ್ತೆ ಪ್ರೀತಿಸು ಎನ್ನುತ್ತಾನೆ. ಅವನು 15 ಶೆಕೆಲ್ ಬೆಳ್ಳಿ, ಜೊತೆಗೆ ಒಂದಷ್ಟು ಜವೆಗೋಧಿ ಕೊಟ್ಟು ಅವಳನ್ನು ಬಿಡಿಸಿಕೊಂಡು ಬರುತ್ತಾನೆ. ಬೈಬಲಿನಲ್ಲಿ ಇದು ಜನರನ್ನು ಬಿಡದೆ ಪ್ರೀತಿಸುವ ದೇವರ ಕಥೆ. ಗೋಮೆರಳಿಗೆ ಹೇಗನ್ನಿಸಿತು ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ! ರಿವರ್ಸ್ ಅದನ್ನು ಕೇಳಿದರು. 1991ರಲ್ಲಿ ಪುಸ್ತಕ ಬಂತು. 1997ರಲ್ಲಿ ಸ್ವಲ್ಪ ತಿದ್ದಿದ ರೂಪದಲ್ಲಿ ಕ್ರೈಸ್ತ ಪ್ರಕಾಶನವೊಂದರಿಂದ ಮತ್ತೆ ಹೊರಬಂತು. ಇದುವರೆಗೆ 30 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗಿವೆ.

ಕಥೆ ನಡೆಯುವುದು 1850ರ ಕ್ಯಾಲಿಫೋರ್ನಿಯಾದಲ್ಲಿ. 1848ರಲ್ಲಿ ಅಲ್ಲಿ ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ, ಗಂಡಸರು ಸಾವಿರಗಟ್ಟಲೆ ನುಗ್ಗಿದ್ದರು. ಗಣಿಯ ಊರುಗಳಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಅಂಥ ಊರೊಂದರ ವೇಶ್ಯಾಗೃಹದಲ್ಲಿ ಏಂಜೆಲ್ ಎಂಬ ಸುಂದರಿ. ಅದು ಅವಳ ನಿಜವಾದ ಹೆಸರಲ್ಲ. ಎಂಟು ವರ್ಷದವಳಿದ್ದಾಗ ತಾಯಿ ಸತ್ತು, ಅನಾಥೆಯಾದ ಅವಳನ್ನು ಒಬ್ಬ ದುಷ್ಟನಿಗೆ ಮಾರಿದ್ದಾರೆ. ಅದಕ್ಕೂ ಮೊದಲೇ, ಈ ಮಗು ಹುಟ್ಟಬಾರದಿತ್ತು ಎಂದು ಹೆತ್ತ ತಂದೆಯೇ ಹೇಳಿದ್ದನ್ನು ಕಿವಿಯಾರೆ ಕೇಳಿದ್ದಾಳೆ. ಈ ಊರಿಗೆ ತರಕಾರಿ ಮಾರಲು ಬರುವ ರೈತ ಮೈಕೆಲ್ ಹೊಸಿಯಾ ಅವಳನ್ನು ಬೀದಿಯಲ್ಲಿ ಕಂಡು, ಇವಳೇ ನನ್ನ ಹೆಂಡತಿಯಾಗಬೇಕೆಂಬುದು ದೈವಸಂಕಲ್ಪ ಎಂದು ನಂಬುತ್ತಾನೆ. ಹಣ ಕೊಟ್ಟು ಅವಳ ಕೋಣೆಗೆ ಹೋಗಿ ಬರೀ ಮಾತಾಡಿ ಬರುತ್ತಾನೆ. ಅವಳು ನಗುತ್ತಾಳೆ. ಕೊನೆಗೆ, ಅಲ್ಲಿಯ ಕಾವಲಿನವನ ಕೈಯಲ್ಲಿ ಸಾಯುವಂತೆ ಹೊಡೆತ ತಿಂದು ಅರೆಪ್ರಜ್ಞೆಯಲ್ಲಿದ್ದಾಗ ಅವಳು “ಹೂಂ” ಎನ್ನುತ್ತಾಳೆ, ಅವನು ಮದುವೆಯಾಗಿ ಹಳ್ಳಿಗೆ ಕರೆದೊಯ್ಯುತ್ತಾನೆ.

ಇಲ್ಲಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪ್ರಜ್ಞೆ ಸರಿಯಾಗಿಲ್ಲದವಳ “ಹೂಂ” ಒಪ್ಪಿಗೆಯಾಗುತ್ತದೆಯೇ? ನನಗೆ ಒಪ್ಪಿಗೆಯಿಲ್ಲ. ಮೈಕೆಲ್ ಎಷ್ಟೇ ಒಳ್ಳೆಯವನಾಗಿರಲಿ, ಈ ಭಾಗ ಮುಳ್ಳಿನಂತೆ ಚುಚ್ಚುತ್ತದೆ. ಮನೆ ಬಿಟ್ಟು ಹೋದವಳನ್ನು ಹುಡುಕಿ ಎಳೆದುತರುವ ಕಡೆಯೂ ಅಷ್ಟೆ. ಗಂಡನ ಹಟವನ್ನು ದೇವರ ಪ್ರೀತಿಯೆಂದು ತೋರಿಸಿದರೆ, ಅದನ್ನು ಓದುವ ಹುಡುಗಿ ನಾಳೆ ಯಾವ ಹಟವನ್ನೆಲ್ಲ ಪ್ರೀತಿಯೆಂದು ತಿಳಿದಾಳು?

ಆದರೂ ಪುಸ್ತಕ ಮುಚ್ಚಲಾಗಲಿಲ್ಲ. ಏಕೆಂದರೆ ಗಾಯದ ವಿಷಯದಲ್ಲಿ ಲೇಖಕಿ ಎಲ್ಲೂ ಅವಸರ ಮಾಡುವುದಿಲ್ಲ. ಒಳ್ಳೆಯ ಗಂಡ ಸಿಕ್ಕಿದ, ಮನೆ ಸಿಕ್ಕಿತು, ಇನ್ನೇನು ಸುಖವಾಗಿರಲಿ ಎಂದು ನಾವೆಲ್ಲ ಹೇಳುತ್ತೇವೆ. ಏಂಜೆಲ್‌ಗೆ ಸುಖವಾಗಿರಲು ಬರುವುದಿಲ್ಲ. ಒಂದು ರಾತ್ರಿ ಎದ್ದುಹೋಗಿ, ತಣ್ಣನೆಯ ತೊರೆಯಲ್ಲಿ ಕುಳಿತು, ಜಲ್ಲಿಕಲ್ಲಿನಿಂದ ಮೈ ಉಜ್ಜಿಕೊಳ್ಳುತ್ತಾಳೆ, ಚರ್ಮ ಕಿತ್ತುಬರುವ ಹಾಗೆ. ತಪ್ಪು ಮಾಡಿದವರು ಯಾರೋ, ಕೊಳೆ ಅಂಟಿದ್ದು ಮಾತ್ರ ತನಗೆ ಎಂಬ ಭಾವನೆ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಅಪರಿಚಿತ, ಹೇಳಿ?

ಅವಳು ಓಡಿಹೋಗುವುದು ಒಂದು ಸಲವಲ್ಲ, ಮತ್ತೆ ಮತ್ತೆ. ಒಂದು ಸಲ ಅವಳನ್ನು ಆ ಊರಿಗೆ ಹಿಂದಕ್ಕೆ ಮುಟ್ಟಿಸುವವನು ಮೈಕೆಲ್‌ನ ತೀರಿಹೋದ ತಂಗಿಯ ಗಂಡ ಪಾಲ್. ಅವನಿಗೆ ಅವಳನ್ನು ಕಂಡರಾಗದು. ಆದರೂ ದಾರಿಯಲ್ಲಿ ಅವಳ ಅಸಹಾಯಕತೆಯನ್ನು ಬಳಸಿಕೊಳ್ಳುತ್ತಾನೆ. ಊರ ಮುಂದೆ ಮರ್ಯಾದಸ್ಥನಾಗಿ ಮೆರೆಯುವವನೂ ಅವನೇ. ಓದುವಾಗ ನನಗೆ ವೇಶ್ಯಾಗೃಹದ ಯಜಮಾನಿಗಿಂತ ಇವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಕೊನೆಯ ಸಲ ಅವಳು ಹೊರಟಾಗ ಕಾರಣ ಬೇರೆ. ಹಿಂದೆ ಅವಳಿಗೆ ಮಕ್ಕಳಾಗದಂತೆ ಮಾಡಿಸಿಬಿಟ್ಟಿದ್ದರು. ಮೈಕೆಲ್‌ಗೆ ಮಕ್ಕಳು ಬೇಕು, ನೆರೆಯ ಒಳ್ಳೆಯ ಹುಡುಗಿಯೊಬ್ಬಳನ್ನು ಅವನು ಮದುವೆಯಾಗಲಿ ಎಂದುಕೊಂಡು ಹೊರಡುತ್ತಾಳೆ. ಈ ಸಲ ಅವನು ಹುಡುಕಿಕೊಂಡು ಹೋಗುವುದಿಲ್ಲ. ಕಾಯುತ್ತಾನೆ. ಮೂರು ವರ್ಷ! ಅವಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಡಿಗೆ ಕೆಲಸ ಮಾಡಿ ತಾನೇ ದುಡಿದು ತಿನ್ನುತ್ತಾಳೆ. ಬಾಲ್ಯದಲ್ಲಿ ಅವಳನ್ನು ಕೊಂಡಿದ್ದ ಆ ದುಷ್ಟ ಅಲ್ಲಿಯೂ ಅವಳನ್ನು ಹಿಡಿಯುತ್ತಾನೆ. ಅವಳು ಜನ ತುಂಬಿದ ಸಭೆಯ ಎದುರು ನಿಂತು, ಅವನ ಕೈಯಿಂದ ಬಿಡಿಸಿಕೊಂಡು ಹೊರಬರುತ್ತಾಳೆ, ಅವನ ಹಿಡಿತದಲ್ಲಿದ್ದ ಪುಟ್ಟ ಹುಡುಗಿಯರನ್ನೂ ಜೊತೆಗೆ ಕರೆದುಕೊಂಡು. ತನ್ನಂಥ ಹೆಣ್ಣುಮಕ್ಕಳು ಕೆಲಸ ಕಲಿತು ಬದುಕಲೆಂದು ಒಂದು ಆಶ್ರಯಧಾಮ ನಡೆಸುತ್ತಾಳೆ.

ನನ್ನ ನೆರೆಯವಳ ಪ್ರಶ್ನೆಗೆ ಉತ್ತರ ನನಗೆ ಕಂಡದ್ದು ಇಲ್ಲಿಯೇ. ನೋಡಿ, ಆ ದುಷ್ಟನನ್ನು ಅವಳು ಕ್ಷಮಿಸಿ ಮನೆಗೆ ಕರೆಯಬೇಕೆಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ಅವನ ಭಯ ಬಿಡುವುದೇ ಅಲ್ಲಿ ಬಿಡುಗಡೆ. ಪಾಲ್‌ನ ವಿಷಯ ಬೇರೆ. ಅವನು ತಾನು ಮಾಡಿದ್ದನ್ನು ಒಪ್ಪಿಕೊಂಡು, ಅವಳನ್ನು ಹುಡುಕಿಕೊಂಡು ಅಷ್ಟು ದೂರ ಬಂದು, ಎದುರು ನಿಂತು ತಪ್ಪಾಯಿತು ಎನ್ನುತ್ತಾನೆ. ಆಮೇಲೆ ಅವಳು ಕ್ಷಮಿಸುತ್ತಾಳೆ. ತಪ್ಪು ಮಾಡಿದವನು ನಡೆದು ಬಂದ ದೂರ ಎಷ್ಟು ಎಂಬುದನ್ನು ಲೇಖಕಿ ಲೆಕ್ಕಕ್ಕೆ ಹಿಡಿದಿದ್ದಾರೆ.

ಬೈಬಲಿನಲ್ಲಿಯೂ ಹೀಗೆಯೇ ಇದೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳಿದ್ದಕ್ಕೆ ಯೇಸು ಏಳೆಪ್ಪತ್ತರ ಲೆಕ್ಕ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಲೂಕನ ಸುವಾರ್ತೆಯಲ್ಲಿ, ತಪ್ಪು ಮಾಡಿದವನನ್ನು ಮೊದಲು ಗದರಿಸಬೇಕು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸಬೇಕು ಎಂಬ ಅರ್ಥದ ಮಾತೂ ಇದೆ. ಬುದ್ಧಿ ಹೇಳಲು ಬರುವ ಹಿರಿಯರಿಗೆ ಇದು ಮಾತ್ರ ಯಾಕೋ ನೆನಪಿಗೆ ಬರುವುದಿಲ್ಲ.

ಏಂಜೆಲ್ ಕೊನೆಗೆ ತಾನಾಗಿಯೇ ಹೊಲದ ಮನೆಗೆ ಬರುತ್ತಾಳೆ. ಯಾರೂ ಎಳೆದು ತಂದದ್ದಲ್ಲ. ಬಂದವಳು ಗಂಡನಿಗೆ ಅದುವರೆಗೆ ಹೇಳದಿದ್ದ ಒಂದೇ ಒಂದು ವಸ್ತುವನ್ನು ಕೊಡುತ್ತಾಳೆ: ತಾಯಿ ಇಟ್ಟಿದ್ದ ಹೆಸರು, ಸಾರಾ. ಈ ಪುಟದಲ್ಲಿ ನನಗೆ ಕಣ್ಣೀರು ಬಂತು. ಇದು 2022ರಲ್ಲಿ ಸಿನಿಮಾ ಆಗಿಯೂ ಬಂದಿದೆ. ಆದರೆ ಎರಡು ಗಂಟೆ ಚಿಲ್ಲರೆಯಲ್ಲಿ ಮೂರು ವರ್ಷ ಕಾಯುವುದನ್ನು ತೋರಿಸುವುದು ಹೇಗೆ? ಪುಸ್ತಕವೇ ವಾಸಿ.

ಇಷ್ಟು ಕಣ್ಣೀರು ಬೇಡ, ಸ್ವಲ್ಪ ಹಗುರವಾದದ್ದು ಬೇಕು ಎನ್ನುವವರಿಗೆ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ ಇದೆ. ಕೆನಡಾದ ಈಕೆ ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಮೊದಲ ಕಾದಂಬರಿ ಬರೆದ ಗೃಹಿಣಿ. ಅದು ಅಚ್ಚಾದದ್ದು 1979ರಲ್ಲಿ. ಹೊಸ ಜಾಗ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟ ಬಂಡಿಯಲ್ಲಿ ಮಾರ್ಟಿ ಎಂಬ ಎಳೆಯ ಗರ್ಭಿಣಿ. ಗಂಡ ದಾರಿಯಲ್ಲೇ ಸಾಯುತ್ತಾನೆ. ಅವನನ್ನು ಮಣ್ಣು ಮಾಡಿದ ದಿನವೇ ಕ್ಲಾರ್ಕ್ ಎಂಬ ವಿಧುರನೊಬ್ಬ ಬಂದು, ನನ್ನ ಪುಟ್ಟ ಮಗಳಿಗೆ ತಾಯಿ ಬೇಕು, ಹೆಸರಿಗೆ ಮಾತ್ರ ಮದುವೆಯಾಗೋಣ, ವಸಂತದಲ್ಲಿ ಊರಿಗೆ ಮರಳಬೇಕೆನಿಸಿದರೆ ಬಂಡಿಯ ಖರ್ಚು ನಾನೇ ಕೊಡುತ್ತೇನೆ ಎನ್ನುತ್ತಾನೆ. ಚಳಿಗಾಲ ಮುಂದಿದೆ, ಬೇರೆ ದಾರಿಯಿಲ್ಲ. ಹಲ್ಲು ಕಚ್ಚಿ ಒಪ್ಪುತ್ತಾಳೆ.

ಅವಳಿಗೆ ಅಡಿಗೆ ಬಾರದು! ಬರುವುದೆಲ್ಲ ಪ್ಯಾನ್‌ಕೇಕ್ ಒಂದೇ, ಹೆಚ್ಚುಕಡಿಮೆ ನಮ್ಮ ಸಿಹಿ ದೋಸೆಯಂಥದು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿಯೂ ಅದೇ. ಕ್ಲಾರ್ಕ್ ಮಾತಿಲ್ಲದೆ ತಿಂದು ಏಳುತ್ತಾನೆ. ಕೊನೆಗೆ ಪಕ್ಕದ ಜಮೀನಿನ ಹಿರಿಯಾಕೆ, ಮನೆ ತುಂಬ ಮಕ್ಕಳಿರುವ ಮಾ ಗ್ರಹಾಂ, ಅವಳಿಗೆ ಅಡಿಗೆಯನ್ನೂ ಹೇಳಿಕೊಡುತ್ತಾಳೆ, ತಾನೂ ಒಮ್ಮೆ ಗಂಡನನ್ನು ಕಳೆದುಕೊಂಡು ಇನ್ನೊಬ್ಬನ ಮನೆ ತುಂಬಿದವಳು ಎಂಬುದನ್ನೂ ಹೇಳುತ್ತಾಳೆ. ಪ್ರೀತಿ ಗುಡುಗಿನಂತೆ ಬರಲಿಲ್ಲ, ಎಂದು ಬಂತೋ ತನಗೇ ತಿಳಿಯಲಿಲ್ಲ ಎಂಬ ಅವಳ ಅನುಭವವೇ ಕಾದಂಬರಿಯ ಹೆಸರು. ಮಾರ್ಟಿಯ ಎದೆಯ ಗಂಟು ಬಿಚ್ಚುವುದು ಉಪದೇಶದಿಂದಲ್ಲ, ಹಿಟ್ಟು ಕಲಸುವಾಗ ಇನ್ನೊಬ್ಬ ಹೆಂಗಸು ತನ್ನ ಕಷ್ಟವನ್ನು ಬಿಚ್ಚಿ ಹೇಳಿದ್ದರಿಂದ. ವಸಂತ ಬಂದಾಗ ಅವಳು ಊರಿಗೆ ಹೊರಡುವುದಿಲ್ಲ. ಹೊರಡುವ ದಾರಿ ತೆರೆದೇ ಇತ್ತು ಎಂಬುದನ್ನು ಗಮನಿಸಿ.

ಈ ಬಗೆಯ ಕಾದಂಬರಿಗಳೆಲ್ಲ ಹೀಗೆಯೇ ಇರುತ್ತವೆಂದು ತಿಳಿಯಬೇಡಿ. ಎಷ್ಟೋ ಪುಸ್ತಕಗಳಲ್ಲಿ ಹದಿನೈದನೆಯ ಅಧ್ಯಾಯದವರೆಗೆ ಅಳು, ಹದಿನಾರರಲ್ಲಿ ಒಂದು ಪ್ರಾರ್ಥನೆ, ಹದಿನೇಳರಲ್ಲಿ ಎಲ್ಲ ಗುಣ! ಜ್ವರದ ಮಾತ್ರೆಯೂ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ನೊಂದವಳು ಅಂಥದ್ದನ್ನು ಓದಿದರೆ, ನನಗೆ ಮಾತ್ರ ಯಾಕೆ ಇನ್ನೂ ವಾಸಿಯಾಗಲಿಲ್ಲ, ನನ್ನ ಭಕ್ತಿಯೇ ಕಡಿಮೆಯೋ ಏನೋ ಎಂದು ಮತ್ತೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಕೊಳ್ಳುವ ಮೊದಲು ಕೊನೆಯ ಐವತ್ತು ಪುಟ ತಿರುವಿ ನೋಡುವುದು ನನ್ನ ಅಭ್ಯಾಸ. ತಪ್ಪು ಮಾಡಿದವನು ಒಂದೇ ಒಂದು ಸಲವಾದರೂ ಬಾಯಿಬಿಟ್ಟು ತಪ್ಪಾಯಿತು ಎನ್ನುತ್ತಾನೆಯೇ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ದುಡ್ಡು ಉಳಿಯಿತು.

ಹೋದ ವಾರ ನೆರೆಯವಳನ್ನು ನಾನೇ ಕರೆದೆ. ಇದನ್ನೆಲ್ಲ ಹೇಳಿದೆ. ಕೇಳಿಕೊಂಡು ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, “ಪಾಲ್ ಬಂದು ಕೇಳಿದ ಅಂದ್ರಲ್ಲ, ನಮ್ಮನೇಲಿ ಇನ್ನೂ ಯಾರೂ ಬಂದು ಕೇಳಿಲ್ಲ ಅಕ್ಕಾ” ಎಂದಳು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು? ಲೋಟ ತುಂಬ ಕಾಫಿ ಕೊಟ್ಟೆ. ಕುಡಿದು, ಹೊರಡುವಾಗ ಮೇಜಿನ ಮೇಲಿದ್ದ ಜಾನೆಟ್ ಓಕ್ ಪುಸ್ತಕವನ್ನು ಕೈಗೆತ್ತಿಕೊಂಡಳು.

“ಮೂರು ಹೊತ್ತೂ ಅದೇ ದೋಸೆ ತಿಂದ್ನಾ ಅವನು? ಒಂದು ಮಾತೂ ಆಡ್ದೆ?”

“ಒಂದು ಮಾತೂ ಆಡ್ದೆ” ಎಂದೆ.

“ಇದನ್ನ ನಮ್ಮ ಮನೆಯವರ ಕೈಲೂ ಓದಿಸ್ಬೇಕು” ಎಂದು, ಎಷ್ಟೋ ದಿನದ ಮೇಲೆ ನಕ್ಕು, ಪುಸ್ತಕವನ್ನು ಸೆರಗಿನಡಿ ಹಿಡಿದು ಹೊರಟಳು.