ಬೇಸಿಗೆ ಬಾರದ ವರ್ಷವೂ ಇಂದಿನ ಮಳೆ ಸುದ್ದಿಯೂ

ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿದಾಗ ಮೇಲೆದ್ದ ಗಂಧಕದ ಅನಿಲವು ವಾಯುಮಂಡಲದ ಎರಡನೆಯ ಪದರವಾದ ಸ್ತರಗೋಳವನ್ನು ಸೇರಿ, ಸಲ್ಫೇಟ್‌ನ ಸೂಕ್ಷ್ಮ ಹನಿಗಳಾಗಿ ಹರಡಿ, ಬಿಸಿಲಿನ ಒಂದಂಶವನ್ನು ಭೂಮಿ ತಲುಪುವ ಮೊದಲೇ ಹಿಂದಿರುಗಿಸತೊಡಗಿತು. ಇದರಿಂದಾಗಿ 1816 ‘ಬೇಸಿಗೆಯಿಲ್ಲದ ವರ್ಷ’ವೆಂದೇ ಹೆಸರಾಯಿತು, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿದ್ದು, ಜುಲೈ, ಆಗಸ್ಟ್‌ಗಳಲ್ಲೂ ಮಂಜು ಹೆಪ್ಪುಗಟ್ಟಿ ಮೆಕ್ಕೆಜೋಳದ ಪೈರು ನಾಶವಾದರೆ, ಸ್ವಿಟ್ಜರ್ಲೆಂಡ್, ಜರ್ಮನಿಗಳಲ್ಲಿ ಎಡೆಬಿಡದ ಮಳೆಗೆ ಬೆಳೆ ಕೊಳೆತು ಧಾನ್ಯದ ಬೆಲೆ ಗಗನಕ್ಕೇರಿತು.

ಕಾರಣ ತಿಳಿಯದ ಅಂದಿನ ಬರಹಗಾರರಲ್ಲಿ ಹಲವರು ಬರಿಗಣ್ಣಿಗೂ ಕಾಣುತ್ತಿದ್ದ ಸೌರಕಲೆಗಳನ್ನು, ಅಂದರೆ ಸೂರ್ಯನ ಮೈಮೇಲಿನ ಕಪ್ಪು ಮಚ್ಚೆಗಳನ್ನು, ದೂಷಿಸಿದರು, ಜುಲೈ 18ರಂದು ಸೂರ್ಯನೇ ಆರಿಹೋಗುವನೆಂಬ ಇಟಲಿಯ ಬೊಲೋನ್ಯಾದ ಭವಿಷ್ಯವಾಣಿಯು ಪತ್ರಿಕೆಗಳಲ್ಲಿ ಅಚ್ಚಾಗಿ ಯೂರೋಪಿನ ಜನರನ್ನು ಕಂಗೆಡಿಸಿತು (ಬ್ರೇಕಿಂಗ್ ನ್ಯೂಸ್‌ನ ಚಾಳಿ ಟಿ.ವಿ.ಗಿಂತ ಬಹಳ ಹಳೆಯದು). ಆ ಚಳಿಗೂ ತಂಬೋರಾಗೂ ಇರುವ ನಂಟನ್ನು ಅಮೆರಿಕದ ಹವಾಮಾನ ವಿಜ್ಞಾನಿ ವಿಲಿಯಂ ಹಂಫ್ರೀಸ್ ವಿವರಿಸುವ ಹೊತ್ತಿಗೆ ಸುಮಾರು ಒಂದು ಶತಮಾನವೇ ಕಳೆದಿತ್ತು.

ಇಂದು ಉಪಗ್ರಹದ ಚಿತ್ರಗಳು ಕ್ಷಣಾರ್ಧದಲ್ಲಿ ದೊರೆತರೂ ಪದಬಳಕೆಯಲ್ಲಿ ಎಚ್ಚರ ಕಡಿಮೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಸಣ್ಣ ಪ್ರದೇಶವೊಂದರಲ್ಲಿ ಗಂಟೆಗೆ 100 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಸುರಿದರೆ ಮಾತ್ರ ಅದು ಮೇಘಸ್ಫೋಟ. ವಾಹಿನಿಗಳಲ್ಲಾದರೋ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತರೂ ಅದೇ ಪದ, ಚರಂಡಿಯ ಹೂಳಿನ ಮಾತಿಗೆ ಎಡೆಯೇ ಇಲ್ಲ. ಪ್ರತಿ ಅತಿವೃಷ್ಟಿಯನ್ನೂ ಜಾಗತಿಕ ತಾಪಮಾನ ಏರಿಕೆಯ ತಲೆಗೆ ಕಟ್ಟುವ ಅವಸರವೂ, ಎರಡಕ್ಕೂ ಸಂಬಂಧವೇ ಇಲ್ಲವೆನ್ನುವ ಹಟವೂ ಅಷ್ಟೇ ದುಡುಕಿನವು. ಏಕೆಂದರೆ ವಿಜ್ಞಾನಿಗಳು ಮಾನವನಿಂದ ಬಿಸಿಯಾಗದ ಭೂಮಿಯೊಂದನ್ನು ಕಂಪ್ಯೂಟರಿನಲ್ಲಿ ಕಲ್ಪಿಸಿ, ಅಲ್ಲಿನ ಮಳೆಯೊಡನೆ ಇಲ್ಲಿಯದನ್ನು ಹೋಲಿಸಿ, ಅಂಥ ಘಟನೆಯ ಸಂಭವ ಎಷ್ಟು ಪಟ್ಟು ಹೆಚ್ಚಿತೆಂಬುದನ್ನಷ್ಟೇ ಹೇಳುತ್ತಾರೆ.