ಮಂದ್ರಸ್ವರದ ಸಂಸಾರ

ಕಚೇರಿ ಮುಗಿದು ಮನೆಗೆ ಹೊರಟ ರಸಿಕರು ಹಾಡಿದವರ ಕಂಠವನ್ನು ಹೊಗಳುತ್ತಾರೆ. ಪಿಟೀಲಿನವರ ಕೈಚಳಕವನ್ನು ನೆನೆಯುತ್ತಾರೆ. ತಂಬೂರಿ ಹಿಡಿದು ಹಿಂದೆ ಕುಳಿತಿದ್ದವರ ಹೆಸರನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಜಾಝ್ ಸಂಗೀತದಲ್ಲಿ ಡಬಲ್ ಬೇಸ್ ನುಡಿಸುವವರ ಪಾಡೂ ಹೆಚ್ಚುಕಡಮೆ ಇದೇ. ಆಳೆತ್ತರದ ಆ ವಾದ್ಯದ ತಂತಿಗಳನ್ನು ಬೆರಳಿನಿಂದ ಮೀಟಿ, ಹಾಡಿಗೆ ಮಂದ್ರದ ನೆಲೆಯನ್ನೂ ಲಯದ ನಡೆಯನ್ನೂ ಒದಗಿಸುವುದು ಅವರ ಕೆಲಸ. ಅರವತ್ತು ವರ್ಷಗಳಿಗೂ ಮಿಕ್ಕಿ ಆ ಕೆಲಸ ಮಾಡಿದವರು ಮಿಲ್ಟ್ ಹಿಂಟನ್. ಅವರ ಬೆನ್ನ ಹಿಂದೆಯೂ ಹೀಗೆಯೇ ಶ್ರುತಿ ಹಿಡಿದು ನಿಂತವರಿದ್ದರು: ಅಜ್ಜಿ, ತಾಯಿ, ಮಡದಿ.

ಹಿಂಟನ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಕೈಗೂಸಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ಮಗುವನ್ನು ಸಾಕಿದವರು ಗುಲಾಮಗಿರಿಯಲ್ಲಿ ಹುಟ್ಟಿದ್ದ ಅಜ್ಜಿ. ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಮರಕ್ಕೆ ನೇತುಹಾಕಿ ಕೊಂದದ್ದನ್ನು ಬಾಲಕ ಕಣ್ಣಾರೆ ಕಂಡ. ಆ ನೆನಪನ್ನು ಹೊತ್ತೇ ಅವನು ಮನೆಯವರೊಡನೆ ಚಿಕಾಗೊ ಸೇರಿದ. ಚರ್ಚಿನಲ್ಲಿ ಪಿಯಾನೊ ನುಡಿಸುತ್ತಿದ್ದ ತಾಯಿ, ಹದಿಮೂರನೆಯ ಹುಟ್ಟುಹಬ್ಬಕ್ಕೆ ಮಗನ ಕೈಗೆ ಪಿಟೀಲನ್ನಿತ್ತರು.

ಪಿಟೀಲು ಒಲಿಯಿತು; ಅನ್ನಕ್ಕೆ ದಾರಿಯಾಗಲಿಲ್ಲ. 1927ರ ಬಳಿಕ ಮಾತನಾಡುವ ಚಿತ್ರಗಳು ಬಂದು, ಮೂಕಿಚಿತ್ರಗಳಿಗೆ ಹಿನ್ನೆಲೆ ನುಡಿಸುತ್ತಿದ್ದ ವಾದ್ಯಗಾರರ ಜೀವನಕ್ಕೆ ಸಂಚಕಾರ ಬಂದಿತು. ಕಪ್ಪು ಪಿಟೀಲುಗಾರನಿಗೆ ದೊಡ್ಡ ವಾದ್ಯವೃಂದಗಳಲ್ಲಿ ಸ್ಥಾನವೂ ಇರಲಿಲ್ಲ. ತರುಣ ಹಿಂಟನ್ ಬೇಸ್‌ಗೆ ತಿರುಗಿದರು. 1936ರಲ್ಲಿ ಕ್ಯಾಬ್ ಕ್ಯಾಲೊವೇ ಅವರ ಪ್ರಸಿದ್ಧ ವೃಂದವನ್ನು ಸೇರಿ ಹದಿನೈದು ವರ್ಷ ಊರೂರು ಸುತ್ತಿದರು.

1939ರಲ್ಲಿ ಅಜ್ಜಿ ತೀರಿಕೊಂಡರು. ಆ ಅಂತ್ಯಕ್ರಿಯೆಗೆಂದು ಬಂದಾಗಲೇ, ತಾಯಿಯ ಚರ್ಚಿನ ಗಾಯಕಿ ಮೋನಾ ಅವರ ಪರಿಚಯವಾಯಿತು. ಮುಂದೆ ಆಕೆ ಅವರ ಬಾಳಸಂಗಾತಿಯಾಗಿ ವೃಂದದೊಡನೆ ಪಯಣಿಸಿದರು. ರಾತ್ರಿ ಇವರ ವಾದ್ಯಕ್ಕೆ ಚಪ್ಪಾಳೆ ತಟ್ಟಿದ ಊರಿನಲ್ಲೇ ಇವರಿಗೆ ಹೋಟೆಲುಗಳ ಬಾಗಿಲು ಮುಚ್ಚಿರುತ್ತಿತ್ತು. ಆಗ ಕಪ್ಪು ಜನರ ಕೇರಿಗಳಲ್ಲಿ ವಿಚಾರಿಸಿ, ವಾದ್ಯಗಾರರಿಗೆ ತಂಗಲು ಕೋಣೆ ಹುಡುಕಿಕೊಡುತ್ತಿದ್ದವರು ಮೋನಾ. ಹಿಂಟನ್‌ರ ಕೈಯಲ್ಲಿ ಸದಾ ಒಂದು ಕ್ಯಾಮೆರಾ ಇರುತ್ತಿತ್ತು. 1940ರಲ್ಲಿ ಅಟ್ಲಾಂಟಾದ ರೈಲುನಿಲ್ದಾಣದಲ್ಲಿ, ‘ಕಪ್ಪು ಜನರ ಪ್ರವೇಶದ್ವಾರ’ವೆಂಬ ಫಲಕದಡಿ ನಿಂತ ಗೆಳೆಯರ ಚಿತ್ರವನ್ನು ಅವರು ತೆಗೆದಿಟ್ಟರು. ಜೀವಮಾನದಲ್ಲಿ ಅವರು ತೆಗೆದ ಚಿತ್ರಗಳು ಸುಮಾರು ಅರವತ್ತು ಸಾವಿರ.

1951ರಲ್ಲಿ ಕ್ಯಾಲೊವೇ ವೃಂದದ ಕೆಲಸ ಮುಗಿಯಿತು. ನಲವತ್ತು ದಾಟಿದ ಹಿಂಟನ್ ನ್ಯೂಯಾರ್ಕಿನಲ್ಲಿ ಕೆಲಸ ಅರಸುತ್ತಿದ್ದ ಕಾಲ ಅದು. ಒಂದು ದಿನ ಹಳೆಯ ಪರಿಚಯದ ಹಾಸ್ಯನಟ ಜಾಕಿ ಗ್ಲೀಸನ್ ಬೀದಿಯಲ್ಲಿ ಎದುರಾದರು. ಧ್ವನಿಮುದ್ರಣಕ್ಕೆ ಕಪ್ಪು ವಾದ್ಯಗಾರರನ್ನು ಕರೆಯುವ ವಾಡಿಕೆಯಿಲ್ಲವೆಂಬ ಆಕ್ಷೇಪವನ್ನು ಬದಿಗೊತ್ತಿ, ಇವರನ್ನು ತಮ್ಮ ವಾದ್ಯವೃಂದಕ್ಕೆ ಸೇರಿಸಿಕೊಂಡರು. ತೆರೆದ ಆ ಬಾಗಿಲನ್ನು ಹಿಂಟನ್ ಮತ್ತೆ ಮುಚ್ಚಗೊಡಲಿಲ್ಲ. ಒಂದೇ ದಿನದಲ್ಲಿ ಹಲವು ಸ್ಟುಡಿಯೊಗಳು; ಎದುರಿಗಿಟ್ಟ ಸ್ವರಲಿಪಿ ಯಾವುದೇ ಇರಲಿ, ನೋಡಿದೊಡನೆ ನುಡಿಸಬೇಕು. ಯಾವ ಹೊತ್ತಿಗೆ ಎಲ್ಲಿ ಕೆಲಸ, ಯಾರಿಂದ ಎಷ್ಟು ಹಣ ಬರಬೇಕು ಎಂಬ ಲೆಕ್ಕವೆಲ್ಲ ಮೋನಾರ ಕೈಯಲ್ಲಿತ್ತು.

1959ರಲ್ಲಿ ಬಿಲ್ಲಿ ಹಾಲಿಡೇ ತಮ್ಮ ಕೊನೆಯ ಧ್ವನಿಮುದ್ರಣಕ್ಕೆ ಬಂದರು. ಸೋತುಹೋಗಿದ್ದ ಆ ಮಹಾಗಾಯಕಿಯ ಮುಖ ಹಿಂಟನ್‌ರ ಕ್ಯಾಮೆರಾದಲ್ಲಿ ಉಳಿಯಿತು. ಕೆಲವೇ ತಿಂಗಳಲ್ಲಿ ಆಕೆ ಇಲ್ಲವಾದರು.

ಹಿಂಟನ್ ತೊಂಬತ್ತು ವರ್ಷ ಬಾಳಿ 2000ದ ಡಿಸೆಂಬರಿನಲ್ಲಿ ನಿಧನರಾದರು. ಜಾಝ್ ಇತಿಹಾಸದಲ್ಲಿ ಅವರಷ್ಟು ಧ್ವನಿಮುದ್ರಿಕೆಗಳಲ್ಲಿ ನುಡಿಸಿದವರು ವಿರಳ. ಹಾಡು ಕೇಳಿ ತಲೆದೂಗಿದವರಲ್ಲಿ ಹೆಚ್ಚಿನವರಿಗೆ ಅವರ ಹೆಸರು ತಿಳಿಯದು. ಅವರಿಗಾಗಿ ಪರಸ್ಥಳದಲ್ಲಿ ಕೋಣೆ ಹುಡುಕಿದ, ಲೆಕ್ಕ ಬರೆದಿಟ್ಟ ಹೆಂಗಸಿನ ಹೆಸರಂತೂ ಯಾವ ತಟ್ಟೆಯ ಮೇಲೂ ಅಚ್ಚಾಗುವಂಥದಲ್ಲ. ಹಳೆಯ ತಟ್ಟೆಯೊಂದು ತಿರುಗುವಾಗ ಕಂಠದ ಕೆಳಗೆ ಮೆಲ್ಲಗೆ ನಡೆಯುವ ಆ ಮಂದ್ರಕ್ಕೆ ಕಿವಿಗೊಟ್ಟರೆ, ಒಂದು ಸಂಸಾರದ ದುಡಿಮೆಯೇ ಕೇಳಿಬರುತ್ತದೆ.