ಟಾರ್ಗೆಟ್ ಬರೆಯುವ ಸ್ಟಾಪ್‌ವಾಚನ್ನು ಪರೀಕ್ಷೆ ಮಾಡುವವರು ಯಾರು?

ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನಾನು ಸ್ವಲ್ಪ ಕಾಲ 'ಐಇ' ಆಗಿದ್ದೆ, ಅಂದ್ರೆ ಇಂಡಸ್ಟ್ರಿಯಲ್ ಎಂಜಿನಿಯರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಸ್ಟಾಪ್‌ವಾಚ್ ಹಿಡಿದು ಟೈಲರ್ ಪಕ್ಕ ನಿಲ್ಲೋದು, ಒಂದು ಪೀಸ್‌ಗೆ ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳೋದು. ಒಮ್ಮೆ ನಾನು ಮತ್ತು ನನ್ನ ಸಹೋದ್ಯೋಗಿ, ಒಬ್ಬರಿಗೊಬ್ಬರು ಹೇಳದೆ, ಒಬ್ಬ ಅಕ್ಕನ ಕೆಲಸವನ್ನೇ ಅಳೆದಿದ್ದೆವು. ಶರ್ಟಿನ ಪಾಕೆಟ್ ಅಂಚು ಮಡಿಚಿ ಹೊಲಿಯೋದು. ನನಗೆ ಸಿಕ್ಕಿದ್ದು 15 ಸೆಕೆಂಡ್, ಅವನಿಗೆ 14.

"ಏನ್ ಸಾರ್, ನಿಮ್ಮಿಬ್ಬರ ವಾಚೇ ಒಂದಕ್ಕೊಂದು ಹೊಂದಲ್ಲ" ಅಂದ್ರು ಅಕ್ಕ. ನಕ್ಕು ಸುಮ್ಮನಾದೆವು.

ನಗುವ ವಿಷಯವಲ್ಲ. 15 ಸೆಕೆಂಡ್ ಅಂದ್ರೆ ಗಂಟೆಗೆ 240 ಪೀಸ್. 14 ಅಂದ್ರೆ 257. ವಿರಾಮದ ಅಲೋಯೆನ್ಸ್ ಸೇರಿಸದ ಲೆಕ್ಕ ಇದು, ಆದರೂ 8 ಗಂಟೆಗೆ 136 ಪೀಸ್ ವ್ಯತ್ಯಾಸ. ಆ ಪೀಸ್‌ಗಳು ಬರೋದು ನೀರು ಕುಡಿಯದೆ, ಟಾಯ್ಲೆಟ್‌ಗೆ ಹೋಗದೆ ಕೂತ ಹೊತ್ತಿನಿಂದ. ಬರದಿದ್ದರೆ ಬೈಗುಳ.

ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಲ್ಲಿ ಇಂಥ ಅನುಮಾನಕ್ಕೊಂದು ಪರೀಕ್ಷೆ ಇದೆ. ಗೇಜ್ ಆರ್ ಅಂಡ್ ಆರ್ ಅಂತಾರೆ. ಕೇಳೋದು ಎರಡೇ ಪ್ರಶ್ನೆ. ಒಬ್ಬನೇ ಮತ್ತೆ ಮತ್ತೆ ಅಳೆದರೆ ಅದೇ ಉತ್ತರ ಬರುತ್ತಾ? ಬೇರೆಯವರು ಅಳೆದರೂ ಅದೇ ಬರುತ್ತಾ? ಅಳತೆಯ ಗೊಂದಲ ಒಟ್ಟು ವ್ಯತ್ಯಾಸದ ಶೇ. 10ಕ್ಕಿಂತ ಕಡಿಮೆ ಇದ್ದರೆ ಸರಿ, 30 ದಾಟಿದರೆ ಆ ಅಳತೆಯನ್ನು ನಂಬಬೇಡಿ ಅನ್ನೋದು ವಾಹನ ಉದ್ಯಮದಿಂದ ಬಂದ ರೂಢಿ.

ನಮ್ಮಲ್ಲೂ ಮಾಡೋಣ ಅಂತ ಕೇಳಿದ್ದೆ. "ವಾಚಿಗೆ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇದೆಯಲ್ಲ" ಅಂತ ಉತ್ತರ ಬಂತು. ತಪ್ಪಿರೋದೇ ಅಲ್ಲಿ. ವಾಚ್ ಸರಿಯಾಗೇ ಇರುತ್ತೆ. ಅಳೆಯೋದು ಬರೀ ವಾಚಲ್ಲ; ಕಣ್ಣು, ಹೆಬ್ಬೆರಳು, ಜೊತೆಗೆ 'ಕೆಲಸ ಎಲ್ಲಿಂದ ಶುರು' ಅನ್ನೋ ತೀರ್ಮಾನ. ಬೆರಳಿನ ತಡ ಸುಮಾರು 0.2 ಸೆಕೆಂಡ್. ಶುರುವಿನಲ್ಲೂ ಕೊನೆಯಲ್ಲೂ ಅದೇ ತಡ ಆಗೋದರಿಂದ ಬಹುಪಾಲು ವಜಾ ಆಗುತ್ತೆ. 3 ಸೆಕೆಂಡಿನ ಕೆಲಸವಾದರೆ ಮಾತ್ರ ಕಷ್ಟ, ಆಗ 10 ಪೀಸ್ ಒಟ್ಟಿಗೆ ಅಳೆದು ಭಾಗಿಸಬೇಕು. ನಮ್ಮಿಬ್ಬರ ಒಂದು ಸೆಕೆಂಡ್ ಎಲ್ಲಿ ಹೋಗಿತ್ತು? ನಾನು ಬಂಡಲ್‌ಗೆ ಕೈ ಹಾಕಿದಾಗಲೇ ಒತ್ತುತ್ತಿದ್ದೆ, ಅವನು ಬಟ್ಟೆ ಸೂಜಿಯ ಕೆಳಗೆ ಬಂದ ಮೇಲೆ.

ಪೀಸನ್ನು ಮತ್ತೆ ಅಳೆಯಬಹುದು, ಕಳೆದುಹೋದ 15 ಸೆಕೆಂಡನ್ನು ಹೇಗೆ ಅಳೆಯೋದು? ಅದಕ್ಕೆ ವಿಡಿಯೊ ಬೇಕು (ಟೈಲರ್‌ಗೆ ಹೇಳಿ, ಒಪ್ಪಿಸಿ ತೆಗೆದದ್ದು). 10 ತುಣುಕು, ಮೂವರು ಅಳೆಯುವವರು, ತಲಾ 3 ಸಲ, ಕ್ರಮ ಕಲಸಿ, ಹಳೆಯ ರೀಡಿಂಗ್ ಮುಚ್ಚಿಟ್ಟು. 90 ರೀಡಿಂಗ್ ಆಯ್ತು. ಒಂದು ಮೋಸಕ್ಕೂ ಇಲ್ಲಿ ದಾರಿ ಇದೆ: 5 ಸೆಕೆಂಡಿನ ಕೆಲಸವನ್ನೂ 60 ಸೆಕೆಂಡಿನದನ್ನೂ ಒಟ್ಟಿಗೆ ಸೇರಿಸಿದರೆ ಒಟ್ಟು ವ್ಯತ್ಯಾಸ ಹಿಗ್ಗಿ, ಶೇಕಡಾವಾರು ಚೆಂದ ಕಾಣುತ್ತೆ. ಸೆಕೆಂಡುಗಳಲ್ಲೇ ಕೇಳಿ.

ಇಷ್ಟೆಲ್ಲ ಮಾಡಿದ ಮೇಲೂ 'ರೇಟಿಂಗ್' ಉಳಿಯುತ್ತೆ. ಟೈಲರ್ ಎಷ್ಟು ಚುರುಕಾಗಿ ಮಾಡಿದರು ಅಂತ ಐಇ ಕಣ್ಣಂದಾಜಿನಲ್ಲಿ ಅಂಕ ಕೊಟ್ಟು, ಸಮಯಕ್ಕೆ ಗುಣಿಸ್ತಾನೆ. ಅದೇ 15 ಸೆಕೆಂಡಿಗೆ 110 ಕೊಟ್ಟರೆ ಗಂಟೆಗೆ 218 ಪೀಸ್, 90 ಕೊಟ್ಟು 'ನಿಧಾನ' ಅಂದುಬಿಟ್ಟರೆ 267. ಬೆರಳಿನ ತಪ್ಪು ಇದರ ಮುಂದೆ ಏನೂ ಅಲ್ಲ. ನಾನೂ ಹೀಗೆ ಅಂಕ ಕೊಟ್ಟಿದ್ದೇನೆ, ಯಾವ ಆಧಾರದ ಮೇಲೆ ಅಂತ ಕೇಳಿದ್ದರೆ ಉತ್ತರ ಇರಲಿಲ್ಲ.

ಈ ಜಗಳ ಹೊಸದಲ್ಲ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕಾರ್ಮಿಕರು ಸ್ಟಾಪ್‌ವಾಚ್ ವಿರೋಧಿಸಿ ಕೆಲಸ ಬಿಟ್ಟು ಹೊರನಡೆದರು. ವಿಚಾರಣೆ ನಡೆಯಿತು. 1915ರ ಸೇನಾ ಹಣಕಾಸು ಕಾಯ್ದೆ ಅಂಥ ಸಮಯ ಅಧ್ಯಯನಕ್ಕೆ ಸರ್ಕಾರದ ದುಡ್ಡು ಬಳಸುವುದನ್ನೇ ನಿಷೇಧಿಸಿತು.

ನಮ್ಮಲ್ಲಿ ನಿಷೇಧ ಬೇಡ, ಕಾಗದ ತೋರಿಸಲಿ ಸಾಕು. ಟಾರ್ಗೆಟ್ ಚರ್ಚೆಗೆ ಕೂರುವ ಯೂನಿಯನ್‌ಗಳು ಕೇಳಬೇಕಾದದ್ದು: ಎಷ್ಟು ಸೈಕಲ್ ಅಳೆದಿರಿ, ಶುರು-ಕೊನೆ ಎಲ್ಲಿ ಅಂತ ಬರೆದಿಟ್ಟಿದ್ದೀರಾ, ಇಬ್ಬರು ಅಳೆದಾಗ ಎಷ್ಟು ಸೆಕೆಂಡ್ ವ್ಯತ್ಯಾಸ ಬಂತು, ರೇಟಿಂಗ್ ಕೊಟ್ಟವರು ಯಾರು. ಅಂದಹಾಗೆ, ಆ ಅಕ್ಕನ ಲೈನ್ ಬೋರ್ಡಿನ ಮೇಲೆ ಹತ್ತಿದ್ದು 14ರ ಲೆಕ್ಕ. ನಾನು ಕೆಲಸ ಬಿಡುವವರೆಗೂ ಅದೇ ಇತ್ತು.